ಬೈಕಿನ ಚೈನ್ ಮತ್ತು ಸ್ಪ್ರಾಕೆಟ್‌ಗಳನ್ನು ಮನೆಯಲ್ಲೇ ಸುರಕ್ಷಿತವಾಗಿ ಬದಲಿಸುವ ಕ್ರಮ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಅನುಭವಸ್ಥ ಸವಾರರು ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯುವುದಿಲ್ಲ. ಎರಡನೆಯ ಅಥವಾ ಮೂರನೆಯ ಗೇರಿಗೆ ಇಳಿಸಿ, ಎಂಜಿನ್ನಿನ ಹಿಡಿತದಲ್ಲೇ ವೇಗವನ್ನು ಅಂಕೆಯಲ್ಲಿಟ್ಟುಕೊಳ್ಳುತ್ತಾರೆ. ಆ ಹಿಡಿತವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವುದು ಚೈನ್ ಒಂದೇ. ಸವೆದ ಚೈನ್ ಇಳಿಜಾರಿನಲ್ಲಿ ತುಂಡಾದರೆ ಆ ಹಿಡಿತ ಒಮ್ಮೆಲೇ ಇಲ್ಲವಾಗುತ್ತದೆ. ತುಂಡಾದ ತುದಿ ಮುಂದಿನ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲಿನ ಚಕ್ರ) ಮತ್ತು ಎಂಜಿನ್ ಕವಚದ ನಡುವೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಕಚ್ಚಿಕೊಂಡು ನಿಲ್ಲಬಹುದು, ಕವಚವೇ ಒಡೆಯಲೂಬಹುದು. ಆದ್ದರಿಂದ ಚೈನ್ ಬದಲಾವಣೆಯನ್ನು ಕೇವಲ ಸದ್ದಿನ ಅಥವಾ ಮೈಲೇಜಿನ ವಿಷಯವೆಂದು ತಿಳಿಯದೆ, ಬ್ರೇಕಿನ ಕೆಲಸದಷ್ಟೇ ಎಚ್ಚರದಿಂದ ಮಾಡಬೇಕಾದ ಕೆಲಸವೆಂದು ತಿಳಿಯಬೇಕು. ಇದಕ್ಕೆ ಅಪರೂಪದ ಕೈಚಳಕವೇನೂ ಬೇಕಾಗಿಲ್ಲ. ಬೇಕಾಗಿರುವುದು ಸರಿಯಾದ ಕ್ರಮ, ಸರಿಯಾದ ಉಪಕರಣ ಮತ್ತು ಬಿಗಿ ಮಾಡಿದ ಪ್ರತಿಯೊಂದು ನಟ್ಟನ್ನೂ ಮತ್ತೊಮ್ಮೆ ಮುಟ್ಟಿ ನೋಡುವ ತಾಳ್ಮೆ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಚೈನಿನ ಆಯುಸ್ಸು ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಕಡೂರಿನ ಕಡೆಯ ಬಯಲಿನಲ್ಲಿ ಓಡುವ ಬೈಕಿಗೆ ದೂಳು ಶತ್ರುವಾದರೆ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮತ್ತು ತೋಟದ ರಸ್ತೆಗಳ ಕೆಂಪು ಕೆಸರು ಶತ್ರುಗಳು. ನೀರು ಎಣ್ಣೆಯನ್ನು ತೊಳೆದುಹಾಕುತ್ತದೆ. ಕೆಸರಿನೊಳಗಿನ ಸಣ್ಣ ಮರಳು ಉಳಿದ ಎಣ್ಣೆಯೊಂದಿಗೆ ಬೆರೆತು, ಚೈನಿನ ರೋಲರುಗಳನ್ನೂ ಸ್ಪ್ರಾಕೆಟ್ಟಿನ ಹಲ್ಲುಗಳನ್ನೂ ದಿನವಿಡೀ ಉಜ್ಜುತ್ತದೆ. ಆದುದರಿಂದ ಇಂತಿಷ್ಟು ಸಾವಿರ ಕಿಲೋಮೀಟರಿಗೆ ಚೈನ್ ಬದಲಿಸಬೇಕೆಂಬ ಲೆಕ್ಕವನ್ನು ನಂಬುವುದಕ್ಕಿಂತ, ಅಳತೆ ಮಾಡಿ ನಿರ್ಧರಿಸುವುದೇ ಸರಿ.

ಬದಲಿಸುವ ಸಮಯ ಬಂದಿದೆಯೇ ಎಂದು ತಿಳಿಯುವುದು

ಚೈನ್ ಉದ್ದವಾಗಿದೆ ಎಂದು ಗ್ಯಾರೇಜುಗಳಲ್ಲಿ ಹೇಳುವಾಗ, ಕಬ್ಬಿಣ ಎಳೆದುಕೊಂಡು ಉದ್ದವಾಗಿದೆ ಎಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ನಡೆಯುವುದು ಬೇರೆ. ಪ್ರತಿಯೊಂದು ಕೊಂಡಿಯಲ್ಲೂ ಒಂದು ಪಿನ್ನು ಬುಷ್ ಎಂಬ ಸಣ್ಣ ಕೊಳವೆಯ ಒಳಗೆ ತಿರುಗುತ್ತದೆ. ಈ ಎರಡೂ ಸವೆದಾಗ ಕೊಂಡಿಗೂ ಕೊಂಡಿಗೂ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುತ್ತದೆ, ಮತ್ತು ನೂರಕ್ಕೂ ಹೆಚ್ಚು ಕೊಂಡಿಗಳ ಆ ಸಣ್ಣ ಹೆಚ್ಚಳಗಳು ಕೂಡಿಕೊಂಡು ಚೈನ್ ಉದ್ದವಾಗುತ್ತದೆ. ಆಗ ಚೈನಿನ ರೋಲರುಗಳು ಸ್ಪ್ರಾಕೆಟ್ಟಿನ ಹಲ್ಲುಗಳ ತಳದಲ್ಲಿ ಕೂರದೆ ಮೇಲಕ್ಕೆ ಹತ್ತುತ್ತವೆ, ಹಲ್ಲುಗಳು ಒಂದು ಬದಿಯಲ್ಲಿ ಸವೆದು ಕೊಕ್ಕೆಯಂತೆ ಬಾಗುತ್ತವೆ.

ಸುಲಭದ ಪರೀಕ್ಷೆಯೆಂದರೆ, ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನು ಎರಡು ಬೆರಳುಗಳಿಂದ ಹಿಂದಕ್ಕೆ ಎಳೆದು ನೋಡುವುದು. ಹೊಸ ಚೈನ್ ಅಲ್ಲಾಡುವುದೇ ಇಲ್ಲ. ಅರ್ಧ ಹಲ್ಲಿಗಿಂತ ಹೆಚ್ಚು ಭಾಗ ಕಾಣುವಷ್ಟು ಚೈನ್ ಮೇಲೆದ್ದರೆ ಅದರ ಆಯುಸ್ಸು ಮುಗಿದಿದೆ. ಹೆಚ್ಚು ನಂಬಬಹುದಾದ ಪರೀಕ್ಷೆ ಅಳತೆಯದು. ನಮ್ಮ ಹೆಚ್ಚಿನ ಸಣ್ಣ ಬೈಕುಗಳಲ್ಲಿರುವ 428 ಅಳತೆಯ ಚೈನಿನಲ್ಲಿ ಒಂದು ಪಿನ್ನಿನ ಮಧ್ಯದಿಂದ ಮುಂದಿನ ಪಿನ್ನಿನ ಮಧ್ಯಕ್ಕೆ 12.7 ಮಿಲಿಮೀಟರ್ ಇರುತ್ತದೆ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಮೊದಲನೆಯ ಪಿನ್ನಿನಿಂದ 21ನೆಯ ಪಿನ್ನಿನವರೆಗೆ ಅಳೆದರೆ ಹೊಸದರಲ್ಲಿ 254 ಮಿಲಿಮೀಟರ್ ಬರಬೇಕು. ಅದು 259ರ ಹತ್ತಿರ ಬಂದಿದ್ದರೆ ಶೇಕಡಾ 2ರಷ್ಟು ಸವೆದಿದೆ ಎಂದರ್ಥ, ಬದಲಿಸಲೇಬೇಕು. ದೊಡ್ಡ ಬೈಕುಗಳ 520 ಅಳತೆಯ ಚೈನಿನಲ್ಲಿ ಇದೇ 20 ಅಂತರಗಳಿಗೆ ಹೊಸದರಲ್ಲಿ 317.5 ಮಿಲಿಮೀಟರ್ ಇದ್ದು, 323 ದಾಟಿದರೆ ಮುಗಿಯಿತು. ಕೆಲವು ತಯಾರಕರು ಇದಕ್ಕಿಂತ ಕಡಿಮೆ ಮಿತಿಯನ್ನು ಹೇಳುತ್ತಾರೆ. ಬೈಕಿನ ಕೈಪಿಡಿಯಲ್ಲಿ ಅಂಕಿ ಇದ್ದರೆ ಅದನ್ನೇ ಪಾಲಿಸಬೇಕು. ಚೈನಿನ ಮೂರು ನಾಲ್ಕು ಕಡೆ ಅಳೆಯುವುದು ಒಳ್ಳೆಯದು, ಏಕೆಂದರೆ ಚೈನ್ ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲ. ತುಕ್ಕು ಹಿಡಿದು ಮಡಚದೆ ಸೆಟೆದು ನಿಂತ ಕೊಂಡಿಗಳಿದ್ದು, ಅವು ಶುಚಿ ಮಾಡಿ ಎಣ್ಣೆ ಹಾಕಿದ ಮೇಲೂ ಸಡಿಲವಾಗದಿದ್ದರೆ, ಅಳತೆ ಏನೇ ಹೇಳಲಿ, ಆ ಚೈನನ್ನು ಉಳಿಸಿಕೊಳ್ಳಬಾರದು.

ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಚೈನ್ ಮಾತ್ರ ಬದಲಿಸಿದರೆ ಸಾಕೆಂಬ ಸಲಹೆ ಮೇಲ್ನೋಟಕ್ಕೆ ಉಳಿತಾಯದಂತೆ ಕಂಡರೂ, ಸವೆದ ಹಲ್ಲುಗಳ ಅಂತರಕ್ಕೆ ಹೊಸ ಚೈನಿನ ಅಂತರ ಹೊಂದುವುದಿಲ್ಲ. ಭಾರವೆಲ್ಲ ಒಂದೆರಡು ಹಲ್ಲುಗಳ ಮೇಲೆಯೇ ಬಿದ್ದು ಹೊಸ ಚೈನ್ ಬಹುಬೇಗ ಹಾಳಾಗುತ್ತದೆ. ಈ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪಲಾರೆ.

ಕೊಳ್ಳುವ ಮುನ್ನ

ಅಂಗಡಿಗಳಲ್ಲಿ ಈ ಮೂರೂ ಸೇರಿದ್ದು ಚೈನ್ ಸ್ಪ್ರಾಕೆಟ್ ಕಿಟ್ ಎಂಬ ಹೆಸರಿನಲ್ಲೇ ಸಿಗುತ್ತದೆ. ಬೈಕಿನ ಹೆಸರನ್ನಷ್ಟೇ ಹೇಳದೆ ತಯಾರಾದ ವರ್ಷವನ್ನೂ ಹೇಳಬೇಕು. ಒಂದೇ ಹೆಸರಿನ ಬೈಕಿನಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಹಲ್ಲಿನ ಸಂಖ್ಯೆಯೋ ಬೋಲ್ಟುಗಳ ಜಾಗವೋ ಬದಲಾಗಿರಬಹುದು. ಹಳೆಯ ಸ್ಪ್ರಾಕೆಟ್‌ಗಳ ಮೇಲೆ ಹಲ್ಲಿನ ಸಂಖ್ಯೆ ಒತ್ತಿರುತ್ತದೆ, ಚೈನಿನ ಪಟ್ಟಿಗಳ ಮೇಲೆ ಅಳತೆಯ ಸಂಖ್ಯೆ ಇರುತ್ತದೆ; ಇವನ್ನು ಬರೆದುಕೊಂಡು, ಹಳೆಯ ಚೈನಿನ ಕೊಂಡಿಗಳನ್ನೂ ಎಣಿಸಿಟ್ಟುಕೊಂಡು ಹೋದರೆ ಅಂಗಡಿಯಲ್ಲೇ ತಾಳೆ ನೋಡಬಹುದು. ಘಾಟಿ ಹತ್ತುವಾಗ ಎಳೆತ ಹೆಚ್ಚಲೆಂದು ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸುವ ಪದ್ಧತಿ ನಮ್ಮ ಕಡೆ ಇದೆ. 14 ಹಲ್ಲಿನ ಬದಲು 13 ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಶೇಕಡಾ 7ಕ್ಕೂ ಸ್ವಲ್ಪ ಹೆಚ್ಚು ಏರುತ್ತದೆ. ಆದರೆ ಅದೇ ವೇಗಕ್ಕೆ ಎಂಜಿನ್ ಅಷ್ಟೇ ಹೆಚ್ಚು ಸುತ್ತಬೇಕಾಗುತ್ತದೆ, ಚೈನ್ ಇನ್ನೂ ಸಣ್ಣ ವೃತ್ತದಲ್ಲಿ ಬಾಗಿ ಬೇಗ ಸವೆಯುತ್ತದೆ. ಮೊದಲ ಬಾರಿಗೆ ಈ ಕೆಲಸ ಮಾಡುವವರು ಕಂಪನಿ ಕೊಟ್ಟ ಹಲ್ಲಿನ ಸಂಖ್ಯೆಯಲ್ಲೇ ಉಳಿಯುವುದು ಲೇಸು.

ಚೈನಿನ ಎರಡು ತುದಿಗಳನ್ನು ಸೇರಿಸುವ ಕೊಂಡಿಯಲ್ಲಿ ಎರಡು ಬಗೆಗಳಿವೆ. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿರುವುದು ಮೀನಿನ ಆಕಾರದ ಕ್ಲಿಪ್ಪಿನಿಂದ ನಿಲ್ಲುವ ಕೊಂಡಿ; ಮೆಕ್ಯಾನಿಕ್‌ಗಳು ಇದನ್ನು ಚೈನ್ ಲಾಕ್ ಎನ್ನುತ್ತಾರೆ. ಇದನ್ನು ಮನೆಯಲ್ಲಿ ಧೈರ್ಯವಾಗಿ ಹಾಕಬಹುದು. ದೊಡ್ಡ ಎಂಜಿನ್ನಿನ ಬೈಕುಗಳಲ್ಲಿ ಪಿನ್ನಿನ ತಲೆಯನ್ನು ಒತ್ತಿ ಅರಳಿಸಿ ರಿವೆಟ್ ಮಾಡುವ ಕೊಂಡಿ ಇರುತ್ತದೆ. ಅದಕ್ಕೆ ತಕ್ಕ ರಿವೆಟ್ ಉಪಕರಣವಿಲ್ಲದೆ ಸುತ್ತಿಗೆಯಿಂದ ಹೊಡೆದು ತಲೆ ಚಪ್ಪಟೆ ಮಾಡುವ ಪ್ರಯತ್ನವನ್ನು ಯಾರೂ ಮಾಡಬಾರದು. ಹೊಡೆತಕ್ಕೆ ಪಿನ್ನಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬರಬಹುದು. ಅಂತಹ ಬೈಕಿನಲ್ಲಿ ಉಳಿದೆಲ್ಲ ಕೆಲಸವನ್ನೂ ಮನೆಯಲ್ಲಿ ಮಾಡಿ, ರಿವೆಟ್ ಮಾಡಲು ಮಾತ್ರ ಉಪಕರಣವಿರುವ ಮೆಕ್ಯಾನಿಕ್ಕನ್ನು ಮನೆಗೆ ಕರೆಸಿಕೊಳ್ಳಬಹುದು. ಕೊಂಡಿಯೇ ಇಲ್ಲದೆ ಒಂದೇ ಸುತ್ತಾಗಿ ಬರುವ ಚೈನಾದರೆ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮನ್ನೇ ಬಿಚ್ಚಬೇಕಾಗುತ್ತದೆ. ಅದನ್ನು ಗ್ಯಾರೇಜಿಗೆ ಬಿಡುವುದೇ ಸರಿ.

ಜಾಗ ಮತ್ತು ಸಿದ್ಧತೆ

ಬೈಕ್ ನಿಲ್ಲಿಸಲು ಸಮತಟ್ಟಾದ ಗಟ್ಟಿ ನೆಲ ಬೇಕು. ತೋಟದ ಮನೆಗಳಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣ ಇದಕ್ಕೆ ಹೇಳಿ ಮಾಡಿಸಿದಂತೆ ಕಂಡರೂ, ಅಲ್ಲಿ ಸೀಮೆಎಣ್ಣೆ, ಗ್ರೀಸ್ ಬಳಸುವುದು ಬೇಡ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬಹು ಸುಲಭವಾಗಿ ಹೀರಿಕೊಳ್ಳುತ್ತದೆ, ನೆಲದ ಕಲೆ ಮುಂದಿನ ಕೊಯ್ಲಿನ ತನಕ ಉಳಿಯುತ್ತದೆ. ಅಂಗಳದಲ್ಲೋ ಶೆಡ್ಡಿನಲ್ಲೋ ಹಳೆಯ ಗೋಣಿಚೀಲ ಹಾಸಿ, ಕೊಳೆ ಬೀಳುವಲ್ಲಿ ಒಂದು ತಟ್ಟೆಯಿಟ್ಟು ಕೆಲಸ ಮಾಡಬೇಕು. ಮಳೆಗಾಲದಲ್ಲಿ ಮಣ್ಣಿನ ಅಂಗಳದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿದರೆ ಅದು ನಿಧಾನವಾಗಿ ಹೂತುಹೋಗಿ, ಚಕ್ರ ಬಿಚ್ಚಿದ ಮೇಲೆ ಬೈಕ್ ವಾಲಬಹುದು. ಅಗಲವಾದ ದಪ್ಪ ಹಲಗೆಯ ಮೇಲೆ ನಿಲ್ಲಿಸಿದರೆ ಈ ಅಪಾಯವಿಲ್ಲ. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಿಗೆ ಹಿಂದಿನ ಚಕ್ರವನ್ನೆತ್ತುವ ಪ್ಯಾಡಕ್ ಸ್ಟ್ಯಾಂಡ್ ಬೇಕಾಗುತ್ತದೆ. ಆದರೆ ಸ್ವಿಂಗ್ ಆರ್ಮಿನ ಕೆಳಗೆ ಕೊಟ್ಟು ಎತ್ತುವ ಆ ಸ್ಟ್ಯಾಂಡು ಚಕ್ರದ ನಡುವಿನ ದಂಡವಾದ ಆಕ್ಸಲ್ಲಿಗೆ ಅಡ್ಡ ಬರುವಂತಿರಬಾರದು. ಇಟ್ಟಿಗೆ, ಕಲ್ಲು, ಕಾಯಿಸಿಪ್ಪೆಯ ಮೂಟೆಗಳ ಮೇಲೆ ಬೈಕ್ ನಿಲ್ಲಿಸಿ ಚಕ್ರ ಬಿಚ್ಚುವುದು ಅಪಾಯಕರ. ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡುಗಳನ್ನು ಕೊಟ್ಟು, ಮುಂದಿನ ಬ್ರೇಕಿನ ಲಿವರನ್ನು ರಬ್ಬರ್ ಪಟ್ಟಿಯಿಂದ ಕಟ್ಟಿಟ್ಟರೆ ಬೈಕ್ ಮುಂದಕ್ಕೆ ಜಾರುವುದಿಲ್ಲ.

ಉಪಕರಣಗಳಲ್ಲಿ ಮುಖ್ಯವಾದವು ಬೈಕಿಗೆ ಹೊಂದುವ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರುಗಳು, ಮೂತಿ ಇಕ್ಕಳ, ಸುತ್ತಿಗೆ, ಅಳತೆಪಟ್ಟಿ, ಸೀಮೆಎಣ್ಣೆ, ಗಟ್ಟಿ ನೈಲಾನ್ ಬ್ರಷ್, ಗ್ರೀಸ್ ಮತ್ತು ಸಾಧ್ಯವಾದರೆ ನಟ್ಟನ್ನು ಹೇಳಿದಷ್ಟೇ ಬಲದಿಂದ ಬಿಗಿಯಲು ನೆರವಾಗುವ ಟಾರ್ಕ್ ರೆಂಚ್. ಕೈಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಕೀಲಿಯನ್ನು ತೆಗೆದು ಜೇಬಿನಲ್ಲೋ ಮನೆಯೊಳಗೋ ಇಡಬೇಕು, ಬೈಕಿನಲ್ಲಿ ಬಿಡಬಾರದು. ಈ ಬರಹದ ಅತಿ ಮುಖ್ಯವಾದ ಮಾತೂ ಇದಕ್ಕೇ ಸಂಬಂಧಿಸಿದ್ದು: ಎಂಜಿನ್ ಚಾಲೂ ಇರುವಾಗ, ಗೇರಿನಲ್ಲಿ ಚಕ್ರ ತಿರುಗುತ್ತಿರುವಾಗ, ಚೈನನ್ನು ಒರೆಸುವುದಾಗಲಿ ಎಣ್ಣೆ ಹಾಕುವುದಾಗಲಿ ಎಂದೆಂದಿಗೂ ಕೂಡದು. ಬಟ್ಟೆಯ ಒಂದು ಎಳೆ ಚೈನಿಗೆ ಸಿಕ್ಕಿದರೂ ಅದು ಬೆರಳನ್ನು ಸ್ಪ್ರಾಕೆಟ್ಟಿನೊಳಗೆ ಸೆಳೆದುಕೊಂಡು ಕತ್ತರಿಸಿಹಾಕುತ್ತದೆ. ಕೈ ಹಿಂದೆಗೆಯಲು ಸಮಯವೇ ಸಿಗುವುದಿಲ್ಲ. ಚಕ್ರವನ್ನು ಕೈಯಿಂದ ತಿರುಗಿಸುವಾಗಲೂ ಒಂದು ಕೈ ಟೈರಿನ ಮೇಲಿದ್ದರೆ ಇನ್ನೊಂದು ಕೈ ಚೈನಿನಿಂದ ದೂರವಿರಬೇಕು, ಮತ್ತು ಮಕ್ಕಳನ್ನು ಬೈಕಿನ ಹತ್ತಿರ ಬಿಡಬಾರದು.

ಬಿಚ್ಚುವ ಕ್ರಮ

ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ಟನ್ನು ಒಂದು ಸುತ್ತಿನಷ್ಟು ಸಡಿಲಿಸಿಕೊಳ್ಳಬೇಕು. ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಅದಕ್ಕೆ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಸ್ಟ್ಯಾಂಡಿನ ಮೇಲೆ ಬೈಕನ್ನೆತ್ತಿದ ನಂತರ ಉದ್ದದ ಹಿಡಿಯಿಂದ ಜೋರಾಗಿ ಜಗ್ಗಿದರೆ ಬೈಕೇ ಉರುಳಬಹುದು.

ಬಳಿಕ ಎಡಬದಿಯ ಗೇರ್ ಲಿವರನ್ನು ತೆಗೆಯಬೇಕು. ತೆಗೆಯುವ ಮೊದಲು ಅದು ದಂಡದ ಮೇಲೆ ಯಾವ ಜಾಗದಲ್ಲಿ ಕೂತಿದೆ ಎಂದು ಬಣ್ಣದಿಂದಲೋ ಗೀಟು ಎಳೆದೋ ಗುರುತು ಮಾಡಿಕೊಂಡರೆ ಮತ್ತೆ ಜೋಡಿಸುವಾಗ ಕಾಲಿಗೆ ಸರಿಯಾದ ಎತ್ತರದಲ್ಲೇ ಬರುತ್ತದೆ. ಲಿವರಿನ ಹಿಂದೆ ಇರುವ, ಮುಂದಿನ ಸ್ಪ್ರಾಕೆಟ್ಟಿನ ಕವರನ್ನು ಬಿಚ್ಚಿದಾಗ ಮಲೆನಾಡಿನ ಬೈಕುಗಳಲ್ಲಿ ಮುಷ್ಟಿಗಟ್ಟಲೆ ಕಪ್ಪು ಕೆಸರು ಕಾಣುವುದು ಸಹಜ. ಅದನ್ನು ಮರದ ಕಡ್ಡಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆಯಬೇಕು. ಸ್ಪ್ರಾಕೆಟ್ ಕೂತಿರುವ ದಂಡದ ಸುತ್ತ ಒಂದು ಆಯಿಲ್ ಸೀಲ್ ಇದೆ. ಶುಚಿ ಮಾಡಿದ ಮೇಲೆ ಅಲ್ಲಿಂದ ಎಂಜಿನ್ ಆಯಿಲ್ ಜಿನುಗುತ್ತಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಕೆಲವು ಬೈಕುಗಳಲ್ಲಿ ಕ್ಲಚ್ಚಿನ ಸಣ್ಣ ದಂಡವೊಂದು ಇದೇ ಕವರಿನ ಹಿಂದೆ ಹಾದುಹೋಗುತ್ತದೆ. ಅದನ್ನು ಎಳೆದು ತೆಗೆಯಬಾರದು.

ಮುಂದಿನ ಸ್ಪ್ರಾಕೆಟ್ ಎರಡು ರೀತಿಯಲ್ಲಿ ನಿಂತಿರಬಹುದು. ಸಣ್ಣ ಬೈಕುಗಳಲ್ಲಿ ಎರಡು ಸಣ್ಣ ಬೋಲ್ಟುಗಳಿರುವ ಲಾಕ್ ಪ್ಲೇಟ್ ಇರುತ್ತದೆ. ಬೋಲ್ಟು ತೆಗೆದು ಪ್ಲೇಟನ್ನು ಸ್ವಲ್ಪ ತಿರುಗಿಸಿದರೆ ಅದು ಹೊರಬರುತ್ತದೆ. ಇನ್ನು ಕೆಲವುಗಳಲ್ಲಿ ಒಂದೇ ದೊಡ್ಡ ನಟ್ಟು, ಅದರ ಬದಿಗೆ ಮಡಚಿದ ವಾಷರ್ ಇರುತ್ತದೆ. ಆ ಮಡಿಕೆಯನ್ನು ಉಳಿಯಿಂದ ನೇರ ಮಾಡಿ ನಟ್ಟನ್ನು ಬಿಚ್ಚಬೇಕು. ಇದನ್ನು ಹಳೆಯ ಚೈನ್ ಇನ್ನೂ ಜಾಗದಲ್ಲಿರುವಾಗಲೇ ಮಾಡಬೇಕೆಂಬುದು ನೆನಪಿನಲ್ಲಿರಲಿ: ಸಹಾಯಕರೊಬ್ಬರು ಹಿಂದಿನ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದರೆ ಚೈನ್ ಮೂಲಕ ಸ್ಪ್ರಾಕೆಟ್ ತಿರುಗದೆ ನಿಲ್ಲುತ್ತದೆ. ಆಗ ಬೈಕ್ ನ್ಯೂಟ್ರಲಿನಲ್ಲೇ ಇರಲಿ. ಗೇರಿಗೆ ಹಾಕಿ ಜಗ್ಗಿದರೆ ಆ ಬಲವೆಲ್ಲ ಗೇರ್‌ಬಾಕ್ಸಿನ ಹಲ್ಲುಗಳ ಮೇಲೆ ಬೀಳುತ್ತದೆ. ಚೈನ್ ತೆಗೆದ ಮೇಲೆ ಈ ನಟ್ಟನ್ನು ಬಿಚ್ಚಲು ಹೊರಟವರು ಸ್ಪ್ರಾಕೆಟ್ ಹಿಡಿದುಕೊಳ್ಳಲು ಏನೇನೋ ಉಪಾಯ ಹುಡುಕಬೇಕಾಗುತ್ತದೆ, ಕೈಗೆ ಪೆಟ್ಟಾಗುವುದೂ ಅಲ್ಲಿಯೇ.

ಈಗ ಬೈಕನ್ನು ಸ್ಟ್ಯಾಂಡಿನ ಮೇಲೆತ್ತಿ, ಚೈನ್ ಲಾಕ್ ಹಿಂದಿನ ಸ್ಪ್ರಾಕೆಟ್ಟಿನ ಮೇಲೆ ಬರುವಂತೆ ಚಕ್ರ ತಿರುಗಿಸಿ, ಕ್ಲಿಪ್ಪನ್ನು ಮೂತಿ ಇಕ್ಕಳದಿಂದ ಅದರ ತೆರೆದ ತುದಿಯ ಕಡೆಯಿಂದ ಜಾರಿಸಿ ತೆಗೆಯಬೇಕು. ಕ್ಲಿಪ್ ಚಿಮ್ಮುವುದುಂಟು, ಕನ್ನಡಕ ಇದಕ್ಕೇ. ಸ್ಪ್ಲೆಂಡರ್‌ನಂತಹ ಬೈಕುಗಳಲ್ಲಿ ಚೈನನ್ನು ಪೂರ್ತಿ ಮುಚ್ಚುವ ಕವಚವಿದ್ದು, ಅದನ್ನು ಮೊದಲು ಬಿಚ್ಚಬೇಕಾಗುತ್ತದೆ. ನಮ್ಮ ಮಳೆಗೆ ಈ ಕವಚ ಬಹಳ ಉಪಕಾರಿ. ಕುಲುಕುತ್ತದೆಂದು ಅದನ್ನು ತೆಗೆದೆಸೆಯದೆ, ಸಡಿಲಾದ ಬೋಲ್ಟುಗಳನ್ನು ಹೊಸದಾಗಿ ಹಾಕಿ ಉಳಿಸಿಕೊಳ್ಳಬೇಕು. ರಿವೆಟ್ ಮಾಡಿದ ಹಳೆಯ ಚೈನಾದರೆ ಪಿನ್ನಿನ ತಲೆಗಳನ್ನು ಗ್ರೈಂಡರಿನಿಂದ ಸಮವಾಗಿ ತೇಯ್ದು, ಚೈನ್ ಕಟರಿನಿಂದ ಪಿನ್ನನ್ನು ಹೊರದೂಡಬೇಕು. ಗ್ರೈಂಡರಿನ ಕಿಡಿ ಮತ್ತು ಪೆಟ್ರೋಲ್ ಒಂದೇ ಜಾಗದಲ್ಲಿರಬಾರದು: ಶುಚಿ ಮಾಡಲು ಬಳಸಿದ ಸೀಮೆಎಣ್ಣೆಯ ತಟ್ಟೆ, ನೆನೆದ ಬಟ್ಟೆ ಎಲ್ಲವನ್ನೂ ದೂರ ಸಾಗಿಸಿ, ಗಾಳಿಯಾಡುವ ಬಯಲಿನಲ್ಲಿ, ಟ್ಯಾಂಕಿನ ಮುಚ್ಚಳ ಭದ್ರವಿದೆಯೆಂದು ನೋಡಿಕೊಂಡು, ಟೈರಿಗೆ ಹಲಗೆಯ ಮರೆ ಕೊಟ್ಟು ಈ ಕೆಲಸ ಮಾಡಬೇಕು.

ಡ್ರಮ್ ಬ್ರೇಕಿನ ಬೈಕಿನಲ್ಲಿ ಚಕ್ರ ತೆಗೆಯಲು ಬ್ರೇಕ್ ರಾಡಿನ ನಟ್ಟನ್ನೂ, ಬ್ರೇಕ್ ಪ್ಲೇಟನ್ನು ಸ್ವಿಂಗ್ ಆರ್ಮಿಗೆ ಹಿಡಿದಿರುವ ಟಾರ್ಕ್ ಆರ್ಮಿನ ಬೋಲ್ಟನ್ನೂ ಬಿಚ್ಚಬೇಕು. ಡಿಸ್ಕ್ ಬ್ರೇಕಾದರೆ ಕ್ಯಾಲಿಪರನ್ನು ಅದರ ಪೈಪಿನಲ್ಲಿ ನೇತಾಡಲು ಬಿಡದೆ ದಾರದಿಂದ ಕಟ್ಟಿ, ಪ್ಯಾಡುಗಳ ನಡುವೆ ತೆಳು ಮರದ ತುಂಡನ್ನು ಇಟ್ಟು, ಚಕ್ರ ಮತ್ತೆ ಜಾಗಕ್ಕೆ ಬರುವವರೆಗೆ ಯಾರೂ ಪೆಡಲ್ ಒತ್ತದಂತೆ ಹೇಳಿಡಬೇಕು. ಎಬಿಎಸ್ ಇರುವ ಬೈಕಿನಲ್ಲಿ ಚಕ್ರದ ಬಳಿಯ ಸೆನ್ಸರ್ ಮತ್ತು ಅದರ ವೈರಿಗೆ ಪೆಟ್ಟಾಗಬಾರದು. ಆಕ್ಸಲ್ಲನ್ನು ಎಳೆಯುವಾಗ ಬುಷ್‌ಗಳೂ ವಾಷರುಗಳೂ ಯಾವ ಬದಿಯಲ್ಲಿ, ಯಾವ ಕ್ರಮದಲ್ಲಿ ಇದ್ದವೆಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಗೊಂದಲವಿರುವುದಿಲ್ಲ. ಕೆಲವು ಬೈಕುಗಳಲ್ಲಿ ಆಕ್ಸಲ್ ಎಳೆದಾಗ ಚಕ್ರ ಮಾತ್ರ ಹೊರಬಂದು, ಸ್ಪ್ರಾಕೆಟ್ ಹೊತ್ತ ಭಾಗ ಇನ್ನೊಂದು ದೊಡ್ಡ ನಟ್ಟಿನ ಬಲದಿಂದ ಸ್ವಿಂಗ್ ಆರ್ಮಿನಲ್ಲೇ ಉಳಿಯುತ್ತದೆ. ಆ ನಟ್ಟನ್ನೂ ಬಿಚ್ಚಬೇಕು.

ಹೊಸದನ್ನು ಜೋಡಿಸುವುದು

ಸ್ಪ್ರಾಕೆಟ್ಟಿಗೂ ಚಕ್ರದ ಡ್ರಮ್ಮಿಗೂ ನಡುವೆ ಎಳೆತದ ಏಟನ್ನು ತಡೆಯುವ ರಬ್ಬರ್ ತುಂಡುಗಳಿವೆ. ಸ್ಪ್ರಾಕೆಟ್ ಹೊತ್ತ ಭಾಗವನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿದಾಗ ಗಮನಕ್ಕೆ ಬರುವಷ್ಟು ಆಟವಿದ್ದರೆ ಈ ಡ್ರಮ್ ರಬ್ಬರುಗಳನ್ನೂ ಬದಲಿಸಬೇಕು. ಇವುಗಳ ಬೆಲೆ ಅಲ್ಪ. ಸವೆದ ರಬ್ಬರಿನ ಮೇಲೆ ಹೊಸ ಚೈನ್ ಹಾಕಿದರೆ ಗೇರ್ ಬದಲಿಸಿದಾಗಲೆಲ್ಲ ಚೈನಿಗೆ ಏಟು ಬೀಳುತ್ತಲೇ ಇರುತ್ತದೆ. ಚಕ್ರದ ಬೇರಿಂಗುಗಳನ್ನೂ ಬೆರಳಿನಿಂದ ತಿರುಗಿಸಿ ನೋಡಿ, ಕರಕರ ಎಂದರೆ ಈಗಲೇ ಬದಲಿಸುವುದು ಒಳ್ಳೆಯದು.

ಹಿಂದಿನ ಸ್ಪ್ರಾಕೆಟ್ ಕೂರುವ ಮೇಲ್ಮೈಯನ್ನು ಪೂರ್ತಿ ಶುಚಿ ಮಾಡಬೇಕು. ನಡುವೆ ಒಂದು ಕಾಳು ಮರಳು ಉಳಿದರೂ ಸ್ಪ್ರಾಕೆಟ್ ಓರೆಯಾಗಿ ಕೂರುತ್ತದೆ. ಹಲ್ಲಿನ ಸಂಖ್ಯೆ ಬರೆದಿರುವ ಮುಖ ಸಾಮಾನ್ಯವಾಗಿ ಹೊರಗಿರುತ್ತದೆ, ಆದರೂ ಹಳೆಯದು ಹೇಗಿತ್ತೋ ಹಾಗೆಯೇ ಹೊಸದಿರಬೇಕೆಂಬುದೇ ನಿಯಮ. ನಟ್ಟುಗಳನ್ನು ಒಂದಾದ ಮೇಲೆ ಪಕ್ಕದ್ದನ್ನು ಬಿಗಿಯದೆ, ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು. ಮಡಚುವ ಲಾಕ್ ವಾಷರುಗಳಿದ್ದರೆ ಹೊಸವನ್ನೇ ಹಾಕಬೇಕು. ಒಮ್ಮೆ ಮಡಚಿದ ತಗಡು ಎರಡನೆಯ ಬಾರಿ ಮಡಚುವಾಗ ಸೀಳುತ್ತದೆ. ಚಕ್ರವನ್ನು ಜಾಗಕ್ಕೆ ತಂದು, ಆಕ್ಸಲ್ಲಿಗೆ ತೆಳುವಾಗಿ ಗ್ರೀಸ್ ಸವರಿ ತೂರಿಸಿ, ಚಕ್ರವನ್ನು ಹಿಂದೆ ಮುಂದೆ ಹೊಂದಿಸುವ ಅಡ್ಜಸ್ಟರುಗಳನ್ನು ಪೂರ್ತಿ ಸಡಿಲಿಸಿ ಚಕ್ರವನ್ನು ಆದಷ್ಟು ಮುಂದಕ್ಕೆ ತಳ್ಳಬೇಕು, ಏಕೆಂದರೆ ಹೊಸ ಚೈನ್ ಹಳೆಯದಕ್ಕಿಂತ ಗಿಡ್ಡವಿರುತ್ತದೆ.

ಮುಂದಿನ ಸ್ಪ್ರಾಕೆಟ್ಟನ್ನು ದಂಡಕ್ಕೆ ಏರಿಸಿ, ಚೈನಿನ ತುದಿಗೆ ಬೈಂಡಿಂಗ್ ವೈರ್ ಕಟ್ಟಿ, ಅದರ ಮೇಲಿಂದ ಹಾಯಿಸಿ ಹಿಂದಕ್ಕೆ ತರಬೇಕು. ಕಾರ್ಖಾನೆಯಿಂದ ಬಂದ ಹೊಸ ಚೈನಿನ ಮೇಲಿರುವ ಅಂಟು ಗ್ರೀಸನ್ನು ತೊಳೆಯಬಾರದು. ಎರಡೂ ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಪಕ್ಕಪಕ್ಕದ ಹಲ್ಲುಗಳ ಮೇಲೆ ಕೂರಿಸಿದರೆ ಸ್ಪ್ರಾಕೆಟ್ಟೇ ಅವನ್ನು ಹಿಡಿದುಕೊಳ್ಳುತ್ತದೆ. ಚೈನ್ ಲಾಕಿನ ಪಿನ್ನುಗಳನ್ನು ಚಕ್ರದ ಬದಿಯಿಂದ ಹೊರಕ್ಕೆ ತೂರಿಸಿ, ಹೊರಗಿನ ಪಟ್ಟಿಯನ್ನು ಪಿನ್ನಿನ ಗೀರುಗಳು ಪೂರ್ತಿ ಕಾಣುವವರೆಗೆ ಒತ್ತಿ, ಕ್ಲಿಪ್ಪನ್ನು ಗೀರಿಗೆ ಕೂರಿಸಬೇಕು. ಕೊಂಡಿಗಳಲ್ಲಿ ರಬ್ಬರ್ ಬಳೆಗಳಿರುವ ಓ-ರಿಂಗ್ ಚೈನಾದರೆ, ಚೈನ್ ಲಾಕಿಗೂ ಒಳಗೆ ಎರಡು, ಹೊರಗೆ ಎರಡು, ಹೀಗೆ ನಾಲ್ಕು ಸಣ್ಣ ರಬ್ಬರ್ ಬಳೆಗಳು ಜೊತೆಯಲ್ಲಿ ಬಂದ ಗ್ರೀಸಿನೊಂದಿಗೆ ಜಾಗಕ್ಕೆ ಹೋಗಬೇಕು. ಒಂದು ಬಿಟ್ಟುಹೋದರೂ ಆ ಕೊಂಡಿಯೇ ಮೊದಲು ಸಾಯುತ್ತದೆ.

ಕ್ಲಿಪ್ಪಿನ ದಿಕ್ಕು ಜೀವದ ಪ್ರಶ್ನೆ. ಅದರ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗೂ, ತೆರೆದ ತುದಿ ಅದರ ಹಿಂದಕ್ಕೂ ಇರಬೇಕು. ಬೈಕ್ ಮುಂದೆ ಹೋಗುವಾಗ ಚೈನಿನ ಮೇಲಿನ ಸಾಲು ಹಿಂದಿನಿಂದ ಮುಂದಕ್ಕೆ ಬರುತ್ತದೆ, ಆದ್ದರಿಂದ ಕೊಂಡಿ ಮೇಲಿನ ಸಾಲಿನಲ್ಲಿರುವಾಗ ಮುಚ್ಚಿದ ತುದಿ ಎಂಜಿನ್ನಿನ ಕಡೆಗೆ ಮುಖ ಮಾಡಿರಬೇಕು. ಅದೇ ಕೊಂಡಿ ಕೆಳಗಿನ ಸಾಲಿಗೆ ಬಂದಾಗ ಅದು ಹಿಂದಿನ ಚಕ್ರದ ಕಡೆಗೆ ಕಾಣುತ್ತದೆ. ತಿರುವುಮುರುವಾಗಿ ಹಾಕಿದರೆ, ಎದುರು ಬಂದ ಕೋಲೋ ಕಲ್ಲೋ ತೆರೆದ ಬಾಯಿಗೆ ತಗುಲಿ ಕ್ಲಿಪ್ಪನ್ನು ಕಿತ್ತುಹಾಕಬಹುದು. ಕ್ಲಿಪ್ ಕೂತ ಮೇಲೆ ಆ ಕೊಂಡಿ ಅಕ್ಕಪಕ್ಕದವುಗಳಂತೆಯೇ ಸರಾಗವಾಗಿ ಮಡಚುತ್ತದೆಯೇ ಎಂದು ನೋಡಬೇಕು.

ಈಗ ಮತ್ತೆ ಹಿಂದಿನ ಬ್ರೇಕನ್ನು ಜೋಡಿಸಿ, ಸಹಾಯಕರು ಅದನ್ನು ಒತ್ತಿ ಹಿಡಿದಿರುವಾಗ ಮುಂದಿನ ಸ್ಪ್ರಾಕೆಟ್ಟಿನ ನಟ್ಟನ್ನು ಕೈಪಿಡಿಯ ಟಾರ್ಕಿಗೆ ಬಿಗಿದು ವಾಷರನ್ನು ಮಡಚಬೇಕು. ಲಾಕ್ ಪ್ಲೇಟಿನದಾದರೆ ಸಣ್ಣ ಬೋಲ್ಟುಗಳ ಹುರಿಗೆ ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟಾದ ಥ್ರೆಡ್ ಲಾಕರನ್ನು ಒಂದು ಹನಿ ಹಾಕುವುದು ಒಳ್ಳೆಯದು. ಡ್ರಮ್ ಬ್ರೇಕಿನ ಟಾರ್ಕ್ ಆರ್ಮನ್ನು ಮರೆತರೆ, ಮೊದಲ ಬಾರಿ ಬ್ರೇಕ್ ಒತ್ತಿದಾಗ ಇಡೀ ಬ್ರೇಕ್ ಪ್ಲೇಟು ಚಕ್ರದೊಂದಿಗೆ ಸುತ್ತಿ ಚಕ್ರವನ್ನೇ ಕಚ್ಚಿ ನಿಲ್ಲಿಸುತ್ತದೆ. ಅದರ ಬೋಲ್ಟು, ನಟ್ಟು, ಸ್ಪ್ಲಿಟ್ ಪಿನ್ ಮೂರೂ ಇವೆಯೇ ಎಂದು ಬೆರಳಿಟ್ಟು ನೋಡಬೇಕು.

ಸಡಿಲ ಮತ್ತು ನೇರ

ಹೊಸ ಚೈನನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಹೆಚ್ಚು ಕಾಲ ಬರುತ್ತದೆಂಬ ನಂಬಿಕೆ ತಪ್ಪು, ಮತ್ತು ಬಿಗಿ ಚೈನ್ ಸಡಿಲ ಚೈನಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಮುಂದಿನ ಸ್ಪ್ರಾಕೆಟ್ಟಿನ ಕೇಂದ್ರವೂ ಸ್ವಿಂಗ್ ಆರ್ಮ್ ತಿರುಗುವ ಕೇಂದ್ರವೂ ಒಂದೇ ಅಲ್ಲ. ಆದುದರಿಂದ ಸಸ್ಪೆನ್ಷನ್ ಕುಗ್ಗುತ್ತ ಹೋದಂತೆ, ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು ಮತ್ತು ಆಕ್ಸಲ್ ಒಂದೇ ಗೆರೆಗೆ ಬರುವ ತನಕ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಗೊಬ್ಬರದ ಮೂಟೆಯೊಂದಿಗೆ ತೋಟದ ಗುಂಡಿ ಹಾರಿಸಿದಾಗ, ಬಿಗಿ ಚೈನ್ ಆ ಹೆಚ್ಚಿನ ದೂರಕ್ಕೆ ಎಳೆ ಸಿಗದೆ ಗೇರ್‌ಬಾಕ್ಸಿನ ಬೇರಿಂಗನ್ನೇ ಜಗ್ಗುತ್ತದೆ.

ಸಡಿಲವನ್ನು ಅಳೆಯುವುದು ಕೆಳಗಿನ ಸಾಲಿನ ನಡುಮಧ್ಯದಲ್ಲಿ: ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿದು, ಚೈನನ್ನು ಬೆರಳಿನಿಂದ ಕೆಳಗೊತ್ತಿ ಮೇಲೆತ್ತಿದಾಗ ಒಟ್ಟು ಎಷ್ಟು ಆಡುತ್ತದೆ ಎಂದು ನೋಡಬೇಕು. ಸಣ್ಣ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಇರುತ್ತದೆ. ಎತ್ತರದ ಸಸ್ಪೆನ್ಷನ್ನಿನ ಬೈಕುಗಳಿಗೆ ಹೆಚ್ಚು ಬೇಕು. ಅಳೆಯುವಾಗ ಬೈಕ್ ಸೈಡ್ ಸ್ಟ್ಯಾಂಡಿನಲ್ಲಿರಬೇಕೋ ಸೆಂಟರ್ ಸ್ಟ್ಯಾಂಡಿನಲ್ಲಿರಬೇಕೋ ಎಂಬುದೂ ಮಾದರಿಗೆ ತಕ್ಕಂತೆ ಬೇರೆಯಾಗುತ್ತದೆ. ಸರಿಯಾದ ಅಂಕಿ ಕೈಪಿಡಿಯಲ್ಲೂ, ಕೆಲವೊಮ್ಮೆ ಸ್ವಿಂಗ್ ಆರ್ಮಿಗೆ ಅಂಟಿಸಿದ ಚೀಟಿಯಲ್ಲೂ ಇರುತ್ತದೆ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕಾರು ಕಡೆ ನೋಡಿ, ಅತಿ ಬಿಗಿಯಾದ ಜಾಗದಲ್ಲಿ ಈ ಅಳತೆ ಬರುವಂತೆ ಮಾಡಬೇಕು.

ಎರಡೂ ಬದಿಯ ಅಡ್ಜಸ್ಟರುಗಳನ್ನು ಸಮವಾಗಿ, ಪ್ರತಿ ಬಾರಿ ಕಾಲು ಸುತ್ತಿನಂತೆ ತಿರುಗಿಸಬೇಕು. ಸ್ವಿಂಗ್ ಆರ್ಮಿನ ಮೇಲಿನ ಗೆರೆಗಳು ಅಂದಾಜಿಗೆ ಸಾಕು, ಆದರೆ ಅವನ್ನೇ ನೆಚ್ಚಬಾರದು. ಸ್ವಿಂಗ್ ಆರ್ಮಿನ ಕೀಲಿನ ಮಧ್ಯದಿಂದ ಆಕ್ಸಲ್ಲಿನ ಮಧ್ಯದವರೆಗೆ ಹಿಗ್ಗದ ದಾರದಿಂದ ಎರಡೂ ಬದಿಯಲ್ಲಿ ಅಳೆದು ಸಮವಿದೆಯೇ ನೋಡಿ, ಕೊನೆಗೆ ಹಿಂದಿನಿಂದ ಬಗ್ಗಿ ಚೈನಿನ ಮೇಲಿನ ಸಾಲನ್ನು ಒಂದೇ ಕಣ್ಣಿನಿಂದ ನೋಡಿದರೆ, ಅದು ಸ್ಪ್ರಾಕೆಟ್ಟಿನಿಂದ ಹೊರಟಲ್ಲಿ ಒಂದಿಷ್ಟೂ ಬಾಗದೆ ನೇರವಾಗಿರಬೇಕು. ಆಕ್ಸಲ್ ನಟ್ಟನ್ನು ಬಿಗಿಯುವಾಗ ಚಕ್ರವನ್ನು ಕಾಲಿನಿಂದ ಮುಂದಕ್ಕೆ ಒತ್ತಿ ಹಿಡಿದರೆ ಅಡ್ಜಸ್ಟರುಗಳು ಜಾಗದಲ್ಲೇ ಕೂರುತ್ತವೆ. ನಟ್ಟು ಬಿಗಿಯಾದ ಮೇಲೆ ಸಡಿಲವನ್ನು ಮತ್ತೊಮ್ಮೆ ಅಳೆಯಲೇಬೇಕು, ಬಿಗಿಯುವಾಗ ಅದು ಬದಲಾಗುವುದೇ ಹೆಚ್ಚು. ಹಳೆಯ ಸ್ಪ್ಲಿಟ್ ಪಿನ್ನನ್ನು ಬಿಸಾಡಿ ಹೊಸದನ್ನು ಹಾಕಬೇಕು.

ಮೊದಲ ಓಡಾಟ ಮತ್ತು ಆನಂತರ

ಬೈಕನ್ನು ಸ್ಟ್ಯಾಂಡಿನಿಂದಿಳಿಸುವ ಮೊದಲು ಡಿಸ್ಕ್ ಬ್ರೇಕಿನ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಡ್ರಮ್ ಬ್ರೇಕಿನ ರಾಡನ್ನು ಹೊಂದಿಸಿ, ಚಕ್ರ ಉಜ್ಜದೆ ತಿರುಗುತ್ತದೆಯೇ, ಬ್ರೇಕ್ ಲೈಟ್ ಸರಿಯಾದ ಸಮಯಕ್ಕೆ ಹತ್ತುತ್ತದೆಯೇ ಎಂದು ನೋಡಬೇಕು. ಮೊದಲ ಓಡಾಟ ಮನೆಯ ಹತ್ತಿರದ ಸಮತಟ್ಟು ರಸ್ತೆಯಲ್ಲಿ, ನಿಧಾನವಾಗಿ, ಒಬ್ಬರೇ ಇರಲಿ. ಘಾಟಿ ಅಂದು ಬೇಡ. ಟಕಟಕ ಎಂಬ ಸದ್ದು, ಪೆಡಲಿನಲ್ಲಿ ಏರಿಳಿತ, ಬೈಕ್ ಒಂದು ಬದಿಗೆ ಎಳೆಯುವುದು ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ ಕಾರಣ ಹುಡುಕಬೇಕು. ಮರಳಿ ಬಂದ ಮೇಲೆ ಆಕ್ಸಲ್ ನಟ್ಟು, ಟಾರ್ಕ್ ಆರ್ಮ್, ಸ್ಪ್ರಾಕೆಟ್ ನಟ್ಟುಗಳು, ಕ್ಲಿಪ್ ಈ ನಾಲ್ಕನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು. ಹೊಸ ಚೈನ್ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಸ್ವಲ್ಪ ಕೂತುಕೊಳ್ಳುವುದರಿಂದ, ವಾರದೊಳಗೆ ಸಡಿಲವನ್ನು ಇನ್ನೊಮ್ಮೆ ನೋಡಿ ಹೊಂದಿಸುವುದು ಅಗತ್ಯ.

ಮುಂದೆ ಎಣ್ಣೆಯ ಮಾತು. ಸಾಮಾನ್ಯ ದಿನಗಳಲ್ಲಿ 500 ಕಿಲೋಮೀಟರಿಗೊಮ್ಮೆ, ಜಡಿಮಳೆಯ ದಿನಗಳಲ್ಲಿ ಅದಕ್ಕಿಂತ ಬೇಗ, ಚೈನಿಗೆ ಎಣ್ಣೆ ಬೇಕು. ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ, ಎಂಜಿನ್ ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಕೆಳಗಿನ ಸಾಲಿನ ಒಳಮೈಗೆ ಚೈನ್ ಸ್ಪ್ರೇ ಅಥವಾ 90ರ ಗೇರ್ ಆಯಿಲ್ ಹಾಕಿ, ಸ್ವಲ್ಪ ಹೊತ್ತಿನ ಬಳಿಕ ಹೊರಗೆ ಉಳಿದದ್ದನ್ನು ಒರೆಸಿದರೆ ಸಾಕು. ಟೈರಿನ ಮೇಲೆ ಒಂದು ಹನಿಯೂ ಬೀಳಬಾರದು. ಎಂಜಿನ್ನಿನಿಂದ ತೆಗೆದ ಹಳೆಯ ಆಯಿಲನ್ನು ಚೈನಿಗೆ ಸುರಿಯುವ ಪದ್ಧತಿಯನ್ನು ಬಿಡಬೇಕು, ಅದರಲ್ಲಿ ಲೋಹದ ಪುಡಿಯೂ ಮಸಿಯೂ ಇರುತ್ತವೆ. ಓ-ರಿಂಗ್ ಚೈನನ್ನು ಪೆಟ್ರೋಲಿನಿಂದ ತೊಳೆಯುವುದಾಗಲಿ ತಂತಿಯ ಬ್ರಷ್ಷಿನಿಂದ ಉಜ್ಜುವುದಾಗಲಿ ಒಳಗಿನ ಗ್ರೀಸನ್ನು ಕಾಯುವ ರಬ್ಬರನ್ನು ಹಾಳುಮಾಡುತ್ತದೆ. ಅದಕ್ಕೆ ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್ಷೇ ಸಾಕು. ವಾಟರ್ ಸರ್ವಿಸ್ ಮಾಡಿಸುವಾಗ ಜೋರು ನೀರಿನ ಕೊಳವೆಯನ್ನು ನೇರವಾಗಿ ಚೈನಿಗೆ ಹಿಡಿಯದಂತೆ ಹೇಳಬೇಕು.

ಬಿಚ್ಚಿದ ಹಳೆಯ ಚೈನ್, ಸ್ಪ್ರಾಕೆಟ್‌ಗಳು ಗುಜರಿಗೆ ಹೋಗಲಿ. ಹಳೆಯ ಕ್ಲಿಪ್ಪನ್ನು ಯಾವ ಕಾರಣಕ್ಕೂ ಮತ್ತೆ ಬಳಸಬಾರದು. ಕ್ಲಿಪ್ಪಿನ ಚೈನಾಗಿದ್ದರೆ ಅದೇ ಅಳತೆಯ ಒಂದು ಹೊಸ ಚೈನ್ ಲಾಕನ್ನು ಕೊಂಡು, ಮೂತಿ ಇಕ್ಕಳದೊಂದಿಗೆ ಬೈಕಿನ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಬೇಕು. ಬಾಳೂರಿನ ಕಡೆಯ ಕಾಡುದಾರಿಯಲ್ಲಿ ಕ್ಲಿಪ್ ಕಳಚಿ ಹೋದರೆ, ಹತ್ತಿರದ ಗ್ಯಾರೇಜಿನವರೆಗೆ ಬೈಕನ್ನು ತಳ್ಳದೆ ಓಡಿಸಿಕೊಂಡು ಹೋಗಲು ಅಷ್ಟು ಸಾಕಾಗುತ್ತದೆ.